ರೊಟ್ಟಿ ಕಟ್ಟಿನ ಕೆಳಗಿಟ್ಟ ಕಾಗದ

ದಾವಣಗೆರೆ
ಡಿಸೆಂಬರ್ 2025

ಪುಟ್ಟಿ,

ಈ ಕಾಗದ ನಿನ್ನ ಕೈಗೆ ಸಿಗೋ ಹೊತ್ತಿಗೆ ರೈಲು ಹರಿಹರ ದಾಟಿರುತ್ತೆ. ಎದುರಿಗೆ ಹೇಳೋಕೆ ಹೋದರೆ ಮತ್ತೆ ಜಗಳ ಆಗುತ್ತೆ ಅಂತ ಇಲ್ಲಿ ಇಟ್ಟಿದ್ದೀನಿ.

ಮೇ ತಿಂಗಳದ್ದು ಬಿಡು. ಪಾಕಿಸ್ತಾನದ ಜೊತೆ ಸಂಘರ್ಷ ಅಂತ ಉತ್ತರ, ಪಶ್ಚಿಮದಲ್ಲಿ 32 ವಿಮಾನ ನಿಲ್ದಾಣ ಮುಚ್ಚಿದಾಗ ಚಂಡೀಗಢವೂ ಅದರಲ್ಲಿ ಸೇರಿತ್ತು, ಅದಕ್ಕೆ ಯಾರೇನು ಮಾಡೋಕಾಗುತ್ತೆ. ಈ ತಿಂಗಳು ನಿನ್ನ ಚಂಡೀಗಢದ ವಿಮಾನ ರದ್ದಾಗಿ ಬೆಂಗಳೂರಿನ ನಿಲ್ದಾಣದಲ್ಲೇ ರಾತ್ರಿ ಕಳೆದಿದ್ದೂ ನಿನಗೆ ಗೊತ್ತಿರೋದೇ. ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರೋದು ಒಂದೇ: ಆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ನಿನ್ನ ಫೋನ್ ಸ್ವಿಚ್ ಆಫ್. ಯಾರದೋ ಚಾರ್ಜರ್ ಇಸ್ಕೊಂಡು ನೀನು ಫೋನ್ ಮಾಡಿದಾಗ, ಏನಾದ್ರೂ ತಿಂದ್ಯಾ ಅಂತ ಕೇಳೋದು ಬಿಟ್ಟು ಕೂಗಾಡಿಬಿಟ್ಟೆ. ತಪ್ಪು ನನ್ನದೇ.

ಆದರೂ ಕೇಳು. ಪವರ್ ಬ್ಯಾಂಕ್ ಇತ್ತಲ್ಲ ಅಂದೆ ನೀನು. 10,000 ಎಂಎಎಚ್ ಅಂತ ಡಬ್ಬಿ ಮೇಲೆ ಬರೆದಿರೋದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಫೋನಿಗೆ ಕೊಡುವಾಗ 5 ವೋಲ್ಟ್‌ಗೆ ಏರಿಸಬೇಕು, ಅದರಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತೆ. ಕೈಗೆ ಸಿಗೋದು ಸುಮಾರು 6,000. ಅಂದ್ರೆ 5,000 ಎಂಎಎಚ್ ಬ್ಯಾಟರಿಯ ನಿನ್ನ ಫೋನ್ ಒಂದು ಸಲ ತುಂಬುತ್ತೆ, ಎರಡನೇ ಸಲ ಕೈ ಕೊಡುತ್ತೆ. ಅದಕ್ಕೇ 20,000 ಎಂಎಎಚ್‌ನ ಪವರ್ ಬ್ಯಾಂಕ್ ತಂದು ಚೀಲದ ಎಡಗಡೆ ಜೇಬಲ್ಲಿ ಇಟ್ಟಿದ್ದೀನಿ. 74 ವಾಟ್ ಅವರ್ ಆಗುತ್ತೆ, ವಿಮಾನದವರು 100ರವರೆಗೆ ಬಿಡ್ತಾರೆ. ಆದರೆ ಕೈಚೀಲದಲ್ಲೇ ಇರಬೇಕು. ಲಗೇಜಿಗೆ ಹಾಕಿದರೆ, ಬೆಂಕಿ ಹತ್ತಿಕೊಂಡಾಗ ಅಲ್ಲಿಗೆ ಹೋಗಿ ಆರಿಸೋರು ಯಾರು?

ರೈಲಲ್ಲೂ ಅದೇ ಕಥೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪ್ಲಗ್ ಬಂದ್ ಮಾಡ್ತಾರೆ, ಬೆಂಕಿಯ ಭಯಕ್ಕೆ. ನೋಡು, ಅದೇ 11, ಅದೇ 5. ಒಂಬತ್ತಕ್ಕೇ ಚಾರ್ಜಿಗೆ ಹಾಕು. ಮೇಲಿನ ಬರ್ತ್‌ಗೆ ಎಟುಕೋ ಹಾಗೆ ಉದ್ದದ ಕೇಬಲ್ ಇಟ್ಟಿದ್ದೀನಿ.

ದಿಲ್ಲಿ ಹತ್ತಿರ ಬಂದಾಗ ಮಂಜು ಇದ್ದೇ ಇರುತ್ತೆ. ಸಿಗ್ನಲ್ ಕಾಣಲ್ಲ, ಮುಂದಿನ ಸಿಗ್ನಲ್ ಎಷ್ಟು ದೂರ ಅಂತ ಹೇಳೋ ಯಂತ್ರ ಎಂಜಿನ್‌ನಲ್ಲಿದ್ದರೂ 75 ಕಿ.ಮೀ. ಮೇಲೆ ಓಡಿಸೋ ಹಾಗಿಲ್ಲ. ತಡ ಆದರೆ ಗಾಬರಿ ಬೇಡ. ವಾಪಸ್ ಬರುವಾಗ ಅಲ್ಲಿಂದ ಹೊರಡೋದೇ ಮೂರು ಗಂಟೆಗಿಂತ ತಡ ಅಂತಾದ್ರೆ, ಬೇಡ ಅನ್ನಿಸಿದರೆ, ಗಾಡಿ ಬಿಡೋದರೊಳಗೆ ಟಿಡಿಆರ್ ಹಾಕು, ಅದೇ ದುಡ್ಡು ವಾಪಸ್ ಕೇಳೋ ಅರ್ಜಿ. ಪೂರ್ತಿ ದುಡ್ಡು ಬರುತ್ತೆ. ಗಾಡಿ ಹೋದಮೇಲೆ ಹಾಕಿದರೆ ಕೈಗೆ ಚಿಪ್ಪು.

ಯುಗಾದಿಗೆ ಬರೋದಾದರೆ 60 ದಿನ ಮುಂಚೆ, ಬೆಳಗ್ಗೆ 8ಕ್ಕೇ ಕೂತು ಬುಕ್ ಮಾಡು. ಹಳೇ 120 ದಿನ ಈಗಿಲ್ಲ. ತತ್ಕಾಲ್ ನಂಬ್ಕೊಂಡು ಕೂರಬೇಡ. ನಂಬಿದರೂ ಆಧಾರ್ ಜೋಡಿಸಿಟ್ಟುಕೋ, ಅದಿಲ್ಲದೆ ಜುಲೈನಿಂದ ಆನ್‌ಲೈನ್‌ನಲ್ಲಿ ತತ್ಕಾಲ್ ಸಿಗಲ್ಲ. ವೇಟಿಂಗ್ ಟಿಕೆಟ್ ಹಿಡಿದು ಹತ್ತಿಬಿಡ್ತೀನಿ ಅಂತ ಮೊನ್ನೆ ಅಂದ್ಯಲ್ಲ, ಚಾರ್ಟ್ ಆದಾಗ ಇ-ಟಿಕೆಟ್ ತಾನಾಗೇ ರದ್ದಾಗುತ್ತೆ. ಆಮೇಲೆ ಹತ್ತಿದರೆ ನೀನು ಟಿಕೆಟ್ ಇಲ್ಲದೋಳೇ. ಉಪದೇಶ ಜಾಸ್ತಿ ಆಯ್ತೇನೋ. ನಿಮ್ಮಮ್ಮ ಆಗಲೇ ಅಂದಳು.

ಒಂದು ಮಾತು ನಿನ್ನೆದುರಿಗೆ ಹೇಳಲಿಲ್ಲ. ವಿಮಾನದವರು ಟಿಕೆಟ್ ದುಡ್ಡನ್ನ ಮುಂದಿನ ಪ್ರಯಾಣಕ್ಕೆ ಜಮಾ ಇಟ್ಟುಕೊಳ್ತೀವಿ ಅಂದಾಗ, ಇಟ್ಟುಕೊಳ್ಳೋದೋ ಬಿಡೋದೋ ನನ್ನಿಷ್ಟ, ನನಗೆ ದುಡ್ಡೇ ಬೇಕು ಅಂತ ನಿಯಮ ತೋರಿಸಿ ವಸೂಲು ಮಾಡಿದೆಯಲ್ಲ, ಅದನ್ನ ಬೀದಿ ತುಂಬಾ ಹೇಳಿಕೊಂಡು ಬಂದಿದ್ದೀನಿ.

ಆ ವಿಮಾನ ಹೋಗಿದ್ದರೆ ನೀನು ಈ ಹತ್ತು ದಿನ ಮನೇಲಿ ಇರ್ತಾ ಇರಲಿಲ್ಲ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಡ್ಯಾಮಿಗೂ ಹೋಗ್ತಾ ಇರಲಿಲ್ಲ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ರಲ್ಲೇ. ಅಜ್ಜಿ ಮೆಟ್ಟಿಲ ಮೇಲೆ ನಿನ್ನ ಭುಜ ಹಿಡ್ಕೊಂಡು ನಿಂತಿದ್ದು... ಅದನ್ನೇನು ಬರೀಲಿ, ನೀನೇ ನೋಡಿದ್ದೀಯಲ್ಲ.

ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ರಾತ್ರಿಗೂ ಆಗುತ್ತೆ. ಸ್ಟೀಲ್ ಡಬ್ಬಿಯ ಪಲ್ಯಕ್ಕೆ ಹಸಿ ಕಾಯಿ ಹಾಕಿದ್ದಾಳೆ ನಿಮ್ಮಮ್ಮ, ಹುಬ್ಬಳ್ಳಿ ಬರೋದರೊಳಗೆ ಖಾಲಿ ಮಾಡು. ಮಾಡಿ ಒಂದು ಮೆಸೇಜ್ ಹಾಕು. ಎದ್ದೇ ಇರ್ತೀನಿ.

ನಿನ್ನ
ಅಪ್ಪಾಜಿ