ಮಾಸ್‌ಫೆಟ್ ಮಾತ್ರ ಬದಲಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುಂಚಿನ ಸಿಡಿಲಿಗೂ ದೀಪಾವಳಿ ಹೊತ್ತಿನ ಸಂಜೆಯ ಸಿಡಿಲಿಗೂ ಉಡುಪಿ, ಮಂಗಳೂರು ಕಡೆ ಟಿವಿ, ಸೆಟ್‌ಟಾಪ್ ಬಾಕ್ಸ್, ಅಡಾಪ್ಟರ್‌ಗಳು ಸಾಲಾಗಿ ರಿಪೇರಿಗೆ ಬರುತ್ತವೆ. ಬಹಳಷ್ಟರಲ್ಲಿ ಕೆಟ್ಟಿರುವುದು ಎಸ್‌ಎಂಪಿಎಸ್, ಅಂದರೆ ಮೈನ್ಸ್ ಕರೆಂಟನ್ನು ಒಳಗಿನ ಸರ್ಕ್ಯೂಟ್‌ಗೆ ಬೇಕಾದ ಡಿಸಿಯಾಗಿ ಬದಲಿಸುವ ಪವರ್ ಸಪ್ಲೈ. ಫ್ಯೂಸ್, ಮಾಸ್‌ಫೆಟ್ (ವೇಗವಾಗಿ ಆನ್-ಆಫ್ ಆಗುವ ಸ್ವಿಚ್) ಎರಡನ್ನೇ ಬದಲಿಸಿ ಕೊಡುವ ರೂಢಿ ಬೆಳೆದಿದೆ. ಅದು ಮತ್ತೆ ಸುಟ್ಟರೆ ದೂರು ‘ಡುಪ್ಲಿಕೇಟ್ ಪಾರ್ಟ್’ ಮೇಲೆ. ನಕಲಿ ಮಾಲು ಇಲ್ಲವೆಂದಲ್ಲ. ಆದರೆ ಎಷ್ಟೋ ಸಲ ಕಾರಣವಿರುವುದು ಮಾಸ್‌ಫೆಟ್ಟನ್ನು ಆನ್-ಆಫ್ ಮಾಡಿಸುವ ಸರ್ಕ್ಯೂಟ್‌ನಲ್ಲಿ.

230 ವೋಲ್ಟ್ ಎಸಿ, ಡಯೋಡ್ ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಭಾಗ) ದಾಟಿ ದೊಡ್ಡ ಕೆಪಾಸಿಟರ್‌ಗೆ ಬರುವಾಗ ಸುಮಾರು 325 ವೋಲ್ಟ್ ಡಿಸಿ. ಮಾಸ್‌ಫೆಟ್ ಒಳಗೆ ಶಾರ್ಟ್ ಆದಾಗ ಈ ವೋಲ್ಟೇಜ್ ಗೇಟಿಗೂ (ಆನ್-ಆಫ್ ಸೂಚನೆ ಬರುವ ಕಾಲು) ನುಗ್ಗಿ, ಗೇಟ್ ರೆಸಿಸ್ಟರ್ ಸುಟ್ಟು, ಆ ಸೂಚನೆ ಕೊಡುವ ಐಸಿಯ ಔಟ್‌ಪುಟ್ ಪಿನ್ನನ್ನೂ ಕೊಲ್ಲುತ್ತದೆ. ಸೋರ್ಸ್ ಕಾಲಿನ ಕಡೆ ಕರೆಂಟ್ ಅಳೆಯಲು ಇಟ್ಟ ಸೆನ್ಸ್ ರೆಸಿಸ್ಟರ್ ಕಡಿದು ಓಪನ್ ಆಗುತ್ತದೆ. ಸತ್ತ ಐಸಿಗೆ ಹೊಸ ಮಾಸ್‌ಫೆಟ್ ಜೋಡಿಸಿದರೆ ಅದು ಆಫ್ ಆಗದೆ ಉಳಿಯಬಹುದು. ಆಗ ಟ್ರಾನ್ಸ್‌ಫಾರ್ಮರ್ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹಿಡಿಯಲಾರದೆ), ಕರೆಂಟ್‌ಗೆ ತಡೆಯೇ ಇಲ್ಲದೆ ಹೊಸ ಮಾಸ್‌ಫೆಟ್ಟೂ ಕ್ಷಣದಲ್ಲಿ ಸುಟ್ಟು ಹೋಗುತ್ತದೆ.

ಮಾಸ್‌ಫೆಟ್ಟನ್ನು ನಡೆಸುವ ಯುಸಿ3842 ಐಸಿಯನ್ನೇ ನೋಡಿ. ಸೆನ್ಸ್ ರೆಸಿಸ್ಟರ್ ಮೇಲೆ 1 ವೋಲ್ಟ್ ಬಂದ ಕೂಡಲೇ ಅದು ಗೇಟ್ ಆಫ್ ಮಾಡುತ್ತದೆ. ರೆಸಿಸ್ಟರ್ 0.5 ಓಮ್ ಇದ್ದರೆ ಮಿತಿ 2 ಆಂಪ್. ಸಿಗಲಿಲ್ಲವೆಂದು 0.22 ಓಮ್ ಹಾಕಿದರೆ ಮಿತಿ 4.5 ಆಂಪ್ ದಾಟುತ್ತದೆ. ಹಾಗೆಯೇ 3842ರ ಬದಲು 3843 ಹಾಕುವುದೂ ತಪ್ಪು. 3842 ಸಪ್ಲೈ 10 ವೋಲ್ಟ್‌ಗಿಂತ ಇಳಿದರೆ ನಿಲ್ಲುತ್ತದೆ, 3843 ಮಾತ್ರ 7.6 ವೋಲ್ಟ್‌ವರೆಗೂ ಓಡುತ್ತದೆ. ಹಾಗಾಗಿ ಐಸಿ ಸಪ್ಲೈಯ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದಾಗ ಗೇಟಿಗೆ ಸಾಕಷ್ಟು ವೋಲ್ಟ್ ಸಿಗದೆ ಮಾಸ್‌ಫೆಟ್ ಅರ್ಧ ಮಾತ್ರ ಆನ್ ಆಗಿ ಬಿಸಿಯಾಗುತ್ತದೆ. ಈ ಕೆಪಾಸಿಟರನ್ನು ಬದಲಿಸಿಯೇ ಬಿಡುವುದು ಲೇಸು. ಟ್ರಾನ್ಸ್‌ಫಾರ್ಮರ್ ಪ್ರೈಮರಿಗೆ (ಮೈನ್ಸ್ ಕಡೆಯ ಸುತ್ತಿಗೆ) ಅಡ್ಡಲಾಗಿರುವ, ಸ್ಪೈಕ್ ಅಂದರೆ ಕ್ಷಣದ ಅತಿ ವೋಲ್ಟೇಜ್ ತಡೆಯುವ ಕ್ಲಾಂಪ್‌ನ ಡಯೋಡ್, ರೆಸಿಸ್ಟರ್, ಕೆಪಾಸಿಟರ್‌ಗಳನ್ನೂ ಅಳೆಯಬೇಕು. ಅದು ಕೆಟ್ಟರೆ ಆಫ್ ಆಗುವಾಗಿನ ಸ್ಪೈಕ್ 600 ವೋಲ್ಟ್‌ನ ಮಾಸ್‌ಫೆಟ್ಟನ್ನೂ ಉಳಿಸದು.

ನಮ್ಮ ಕರಾವಳಿಯಲ್ಲಿ ಇನ್ನೊಂದಿದೆ. ಉಪ್ಪುಗಾಳಿಯ ತೇವ ಬೋರ್ಡಿನ ಮೇಲೆ ಕೂತು ಸಣ್ಣ ಲೀಕೇಜ್ ಮಾಡುತ್ತದೆ. ಕೆಪಾಸಿಟರ್ ಬುಡಕ್ಕೆ ಹಚ್ಚಿದ ಅಂಟು ಹಳತಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೂ ಕರೆಂಟ್ ಹರಿಸಬಹುದು. ಅಂಟನ್ನು ಕೆರೆದು ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಬೇಕು.

ಪರೀಕ್ಷೆಗೆ ಮೊದಲು ದೊಡ್ಡ ಕೆಪಾಸಿಟರನ್ನು 2.2 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಇಟ್ಟು ಖಚಿತಪಡಿಸಿಕೊಳ್ಳಬೇಕು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದು ಬೇಡವೇ ಬೇಡ. ಮಾಸ್‌ಫೆಟ್ ಬಿಚ್ಚಿಟ್ಟು, ಮೈನ್ಸ್ ಕೊಡದೆ, 3842 ಐಸಿಯ 7ನೇ ಪಿನ್‌ಗೆ ಬೆಂಚ್ ಸಪ್ಲೈಯಿಂದ (ಮೇಜಿನ ಮೇಲಿನ, ವೋಲ್ಟೇಜ್ ಹೊಂದಿಸಬಲ್ಲ ಡಿಸಿ ಸಪ್ಲೈ) 17-18 ವೋಲ್ಟ್ ಕೊಡಿ. 8ನೇ ಪಿನ್‌ನಲ್ಲಿ 5 ವೋಲ್ಟ್, 6ನೇ ಪಿನ್‌ನಲ್ಲಿ ಪಲ್ಸ್ ಬರಬೇಕು. ಆಮೇಲೆ ಮಾಸ್‌ಫೆಟ್ ಹಾಕಿ, 60 ಅಥವಾ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನು ಸೀರಿಸ್‌ನಲ್ಲಿಟ್ಟು ಮೈನ್ಸ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ. ಮೈನ್ಸ್ ಇರುವಾಗ ಪ್ರೈಮರಿ ಕಡೆ ಆಸಿಲೋಸ್ಕೋಪ್‌ನ ಗ್ರೌಂಡ್ ಕ್ಲಿಪ್ ಹಾಕಬೇಕಾದರೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ.

ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದು, ಪ್ರೈಮರಿ-ಸೆಕೆಂಡರಿ ನಡುವಿನ ವೈ ಕೆಪಾಸಿಟರ್ (ಸುರಕ್ಷತೆಗೆಂದೇ ತಯಾರಾದ ಕೆಪಾಸಿಟರ್) ಜಾಗಕ್ಕೆ ಸಾಮಾನ್ಯ ಸೆರಾಮಿಕ್ ಹಾಕುವುದು ಜೀವದ ಜೊತೆ ಆಟ. ಆ ಸೆರಾಮಿಕ್ ಶಾರ್ಟ್ ಆದರೆ ಟಿವಿಯ ಲೋಹದ ಭಾಗ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳು ಸೀರಿಸ್ ಬಲ್ಬ್ ಮತ್ತು ಬೆಂಚ್ ಸಪ್ಲೈ ಪರೀಕ್ಷೆಯನ್ನು ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಮಾಡಿಸಬೇಕೆಂದು ನಮ್ಮ ಕೋರಿಕೆ. ಗ್ರಾಹಕರು ಬಿಲ್ ಕೊಡುವ ಮುನ್ನ ಬದಲಿಸಿದ ಹಳೇ ಭಾಗಗಳನ್ನು ಕೇಳಿ ಪಡೆಯಲಿ. ಐಸಿ, ಸೆನ್ಸ್ ರೆಸಿಸ್ಟರ್ ಪರೀಕ್ಷಿಸಿದ್ದೀರಾ ಎಂದೂ ವಿಚಾರಿಸಲಿ.

– ಎಲೆಕ್ಟ್ರಾನಿಕ್ಸ್ ದುರಸ್ತಿ ಕಸುಬಿನವರು, ಉಡುಪಿ