ಬೆಟಗೇರಿಯ ಕಾಕಾ ಅವರಿಗೆ, ಗಾಳದ ಕೋಲಿನ ವಿಷಯವಾಗಿ

ಫೋರ್ಟ್ ಕಾಲಿನ್ಸ್, ಕೊಲರಾಡೊ

ತೀರ್ಥರೂಪ ಕಾಕಾ ಅವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮನೆಯ ಸುದ್ದಿಯನ್ನೆಲ್ಲ ಚಿಕ್ಕವ್ವನಿಗೆ ಫೋನಿನಲ್ಲಿ ಹೇಳಿಯಾಗಿದೆ. ಈ ಪತ್ರ ನಿಮಗೆ ಮಾತ್ರ. ಗಾಳದ ಕೋಲು ಆರಿಸುವ ಮಾತು ಬಂದಾಗ ‘ಒಂದು ಬಿದಿರು ಕಡಿದರೆ ಮುಗಿಯುವ ಕೆಲಸಕ್ಕೆ ಇಷ್ಟು ಯೋಚನೆಯೇ’ ಎಂದು ನಕ್ಕಿರಲ್ಲ, ಅದಕ್ಕೆ ಉತ್ತರ.

ನೀವು ಸಿಂಗಟಾಲೂರಿನ ಬಳಿ ತುಂಗಭದ್ರೆಗೆ ಗಾಳ ಎಸೆದರೆ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿನ ಪೂಡರ್ ನದಿಯ ಟ್ರೌಟ್ ಮೀನಿಗೆ ನಾವು ಒಡ್ಡುವುದು ಕೊಕ್ಕೆಗೆ ಗರಿ, ನೂಲು ಸುತ್ತಿದ ಹುಸಿ ನೊಣ. ಅದಕ್ಕೆ ತೂಕವೆಂಬುದೇ ಇಲ್ಲ, ಆದ್ದರಿಂದ ತೂಕವನ್ನು ದಾರದಲ್ಲೇ ಇಟ್ಟಿರುತ್ತಾರೆ. ದಾರಕ್ಕೆ ತೂಕದಂತೆ ನಂಬರು, ಕೋಲಿಗೂ ಅದು ಬೀಸುವ ದಾರದ ನಂಬರೇ. ನಾಲ್ಕನೇ ನಂಬರಿನ ದಾರದ ಮೊದಲ 30 ಅಡಿ 120 ಗ್ರೇನ್, ಅಂದರೆ 8 ಗ್ರಾಮಿಗೂ ತುಸು ಕಡಿಮೆ ತೂಗುತ್ತದೆ. ಐದನೆಯದು 140 ಗ್ರೇನ್. ಅದನ್ನು ಹಿಂದಕ್ಕೆ, ಮುಂದಕ್ಕೆ ಬೀಸಿ ಗಾಳಿಯಲ್ಲಿ ತೇಲಿಸಬೇಕು. ಸಂಜೆಯವರೆಗೆ ಬೀಸಿದ ಮೇಲೆ ಕೋಲಿನ ಭಾರದ ಲೆಕ್ಕ ಕೇಳುವುದು ಮಣಿಕಟ್ಟು.

ಈ ಸಲ ಕೋಲನ್ನು ನಾನೇ ಕಟ್ಟುತ್ತಿದ್ದೇನೆ. ಹಿಡಿ, ದಾರ ಹಾಯುವ ಉಂಗುರ ಏನೂ ಇಲ್ಲದ ಪೊಳ್ಳು ಕೋಲನ್ನು ಬ್ಲ್ಯಾಂಕ್ ಎಂದು ಮಾರುತ್ತಾರೆ. ಅದರ ಮೇಲೆ ಬರೆದಿರುವ ತೂಕವನ್ನು ನಾನು ಹೆಚ್ಚು ನಂಬುವುದಿಲ್ಲ. ಕೊಡಲಿಯನ್ನು ಕಾವಿನ ತುದಿಯಲ್ಲಿ ಹಿಡಿದು ಕೈ ಚಾಚಿ ನೋಡಿ, ಆಮೇಲೆ ತಲೆಯ ಹತ್ತಿರ ಹಿಡಿದು ನೋಡಿ: ಕೊಡಲಿ ಅದೇ, ಭಾರ ಬೇರೆ. ಕೋಲಿನಲ್ಲೂ ಬುಡದ ಐದು ಗ್ರಾಂ ಗೊತ್ತೇ ಆಗುವುದಿಲ್ಲ, ತುದಿಯ ಒಂದು ಗ್ರಾಂ ಕಾಡುತ್ತದೆ. ಹಗುರ ಬ್ಲ್ಯಾಂಕ್ ತಂದು, ತುದಿಯವರೆಗೆ ದಪ್ಪ ಉಂಗುರ ಕಟ್ಟಿ, ಮೇಲೆ ಎಪಾಕ್ಸಿ ಅಂಟು ಮೆತ್ತುವವರನ್ನು ಕಂಡರೆ ನನಗೆ ನಗು ಬರುತ್ತದೆ. ಕೊಟ್ಟ ಹಣವೆಲ್ಲ ಆ ಅಂಟಿನಲ್ಲೇ ಮುಳುಗಿತು. ನಾನು ತುದಿಯ ಭಾಗಕ್ಕೆ ಒಂದೇ ಕಡೆ ಕಟ್ಟುವ, ಒಂಟಿ ಕಾಲಿನ ಸಣ್ಣ ಉಂಗುರಗಳನ್ನೇ ಇಟ್ಟುಕೊಂಡಿದ್ದೇನೆ. ಅವಕ್ಕೆ ಕಟ್ಟುವ ದಾರವೂ ಅರ್ಧ ಸಾಕು, ಅಂಟೂ ಅರ್ಧ ಸಾಕು.

ಬಿದಿರಿನ ಮಾತು ಸುಳ್ಳಲ್ಲ. ಚೀನಾದ ಗುವಾಂಗ್‌ಡಾಂಗ್ ಕಡೆಯ ಟೊಂಕಿನ್ ಬಿದಿರನ್ನು ಸೀಳಿ, ಆರು ಮುಕ್ಕೋನದ ಪಟ್ಟಿಗಳನ್ನು ಅಂಟಿಸಿ ಇಂದಿಗೂ ಕೋಲು ಮಾಡುತ್ತಾರೆ. ನೋಡಲು ಅದರಷ್ಟು ಚೆಂದದ್ದು ಬೇರೊಂದಿಲ್ಲ, ಆದರೆ ಭಾರ. ಗಾಜಿನ ನಾರಿನದು ಮೆದುವಾಗಿ ಬಾಗುತ್ತದೆ. ಕಾರ್ಬನ್ ನಾರಿನದು ಎಲ್ಲಕ್ಕಿಂತ ಹಗುರ, ಅದರಲ್ಲೂ ನಾರು ಬಿಗಿಯಾದಷ್ಟೂ ಕಡಿಮೆ ನಾರು ಸಾಕು, ಗೋಡೆ ತೆಳು. ತೆಳು ಗೋಡೆಗೆ ಅದರದೇ ಕಷ್ಟವಿದೆ. ಬೀಸುವಾಗ ಲೋಹದ ಮಣಿ ಇರುವ ಹುಸಿ ನೊಣವೊಂದು ಬಡಿದರೆ ಕಣ್ಣಿಗೆ ಕಾಣದ ಗಾಯವಾಗಿ, ಮುಂದೆಂದೋ ದೊಡ್ಡ ಮೀನು ಎಳೆದಾಗ ಅಲ್ಲೇ ಮುರಿಯುತ್ತದೆ. ಅದಕ್ಕೇ ಅತಿ ಹಗುರದ್ದನ್ನು ಬಿಟ್ಟು, ಮಧ್ಯಮ ಬಿಗಿಯ ಕಾರ್ಬನ್‌ನಲ್ಲಿ ಎಂಟು ಅಡಿಯ, ನಾಲ್ಕನೇ ನಂಬರಿನ, ನಾಲ್ಕು ತುಂಡಿನ ಬ್ಲ್ಯಾಂಕ್ ಆರಿಸಿದೆ. ತುಂಗಭದ್ರೆಯ ದೊಡ್ಡ ಮೀನಿಗೆ ಇದು ಆಗದು. ಅಲ್ಲಿಗೆ ಎಂಟನೇ ನಂಬರಿನದೇ ಬೇಕು.

ಈಗ ನಿಮ್ಮಿಂದ ಒಂದು ಕೆಲಸ. ಉಂಗುರ ಕಟ್ಟಲು ಇಲ್ಲಿ ನೈಲಾನ್ ದಾರ ಸಿಗುತ್ತದೆ, ನನಗೆ ರೇಷ್ಮೆ ಬೇಕು. ನಿಮ್ಮ ಓಣಿಯ ಮಗ್ಗದವರಲ್ಲಿ ಕೇಳಿ ಸಣ್ಣ ಎಳೆಯ, ಹುರಿ ಮಾಡಿದ ಕೆಂಪು ರೇಷ್ಮೆಯ ಒಂದು ಉಂಡೆ ತೆಗೆದಿಡಿ. ವಾರ್ನಿಷ್ ಹಚ್ಚಿದರೆ ಬಣ್ಣ ಗಾಢವಾಗುತ್ತದೆ, ಆದ್ದರಿಂದ ಕಣ್ಣಿಗೆ ಹೊಡೆಯುವಷ್ಟು ಕೆಂಪಾದರೂ ಚಿಂತೆಯಿಲ್ಲ. ನನ್ನ ಗೆಳೆಯನೊಬ್ಬ ಹುಬ್ಬಳ್ಳಿಗೆ ಬಂದಿದ್ದಾನೆ, ಹೊರಡುವ ಮೊದಲು ನಿಮಗೆ ಫೋನ್ ಮಾಡುತ್ತಾನೆ.

ನಿಮ್ಮ ಮಗ,
ಶ್ರೀಕಾಂತ