ಉಕ್ಕಿನ ಮಾಡು: ಬಣ್ಣ ಆರಿಸುವ ಮೊದಲು

ಮಾನ್ಯ ಸಂಪಾದಕರೇ,

ತಲಪಾಡಿಯಿಂದ ಕಾಸರಗೋಡಿನ ತನಕ ಹೊಸ ಮನೆಗಳಲ್ಲಿ ಮಂಗಳೂರು ಹಂಚಿನ ಜಾಗಕ್ಕೆ ಬಣ್ಣದ ಉಕ್ಕಿನ ಶೀಟು ಬರುತ್ತಿದೆ. ತಾರಸಿ ಸೋರುತ್ತದೆಂದು ಅದರ ಮೇಲೊಂದು ಶೀಟಿನ ಮಾಡು ಕಟ್ಟುವುದು ಮೊದಲೇ ಇತ್ತು. ಈಗ ಎದುರಿನ ಗೋಡೆಗೂ ಅದನ್ನೇ ಹೊದೆಸುತ್ತಾರೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ನಮ್ಮ ಊರಿಗೆ ಇದು ಒಳ್ಳೆಯ ಆಯ್ಕೆಯೇ. ಆದರೆ ಮನೆಯವರು ಬಣ್ಣ, ಚದರಡಿ ದರ ಎರಡನ್ನೇ ವಿಚಾರಿಸಿ ಮುಂಗಡ ಕೊಡುವುದನ್ನು ಕಂಡಾಗ ಕಳವಳವಾಗುತ್ತದೆ.

ಅಂಗಡಿಯಲ್ಲಿ 0.50 ಮಿ.ಮೀ. ಎಂದು ಹೇಳುವುದು ಸಾಮಾನ್ಯವಾಗಿ ಬಣ್ಣ, ಲೋಹದ ಲೇಪ ಎಲ್ಲ ಸೇರಿದ ದಪ್ಪ. ಲೇಪಕ್ಕೆ ಎರಡೂ ಬದಿ ಸೇರಿ 0.04, ಬಣ್ಣಕ್ಕೆ ಹೆಚ್ಚುಕಡಿಮೆ ಅಷ್ಟೇ ಕಳೆದರೆ ಉಳಿಯುವ ಉಕ್ಕು ಸುಮಾರು 0.42. ಇನ್ನೊಬ್ಬರು ಬರೀ ಉಕ್ಕಿನ ದಪ್ಪ ಹೇಳಿದ್ದರೆ ಆ ಎರಡು ದರಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಉಕ್ಕನ್ನು ತುಕ್ಕಿನಿಂದ ಕಾಯುವುದು ಲೇಪ; ಹಾಗಾಗಿ ಅದರ ತೂಕ ದಪ್ಪಕ್ಕಿಂತಲೂ ಮುಖ್ಯ. ಶೇ. 55 ಅಲ್ಯೂಮಿನಿಯಂ, ಶೇ. 43.4 ಸತು, ಉಳಿದ ಪಾಲು ಸಿಲಿಕಾನ್ ಇರುವ ಲೇಪಕ್ಕೆ ಮಾರುಕಟ್ಟೆಯಲ್ಲಿ ಗ್ಯಾಲ್ವಾಲ್ಯೂಮ್ ಎನ್ನುತ್ತಾರೆ. ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಇದ್ದರೆ ಅದು ಎಝಡ್ 150. ಎಝಡ್ 70 ಕೂಡ ಸಿಗುತ್ತದೆ. ಬಣ್ಣ ಬಳಿದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಹಾಗಾಗಿ ಬಿಲ್ಲಿನಲ್ಲಿ ಉಕ್ಕಿನ ದಪ್ಪ, ಲೇಪದ ತೂಕ, ಐಎಸ್ (ಭಾರತೀಯ ಮಾನಕ) ಸಂಖ್ಯೆ ಮೂರನ್ನೂ ಬರೆಸಿಕೊಳ್ಳಬೇಕು. ಐಎಸ್ 15965 ಎಂದರೆ ಅಲ್ಯೂಮಿನಿಯಂ-ಸತು ಲೇಪದ ಬಣ್ಣದ ಶೀಟು, ಐಎಸ್ 14246 ಎಂದರೆ ಬರೀ ಸತು ಲೇಪದ್ದು. ಮಾರುವವರು ಕೇಳದೆಯೇ ಇದನ್ನು ಬರೆದುಕೊಡುವಂತಾಗಬೇಕು. ಉಪ್ಪಳ, ಕುಂಬಳೆ, ಮೊಗ್ರಾಲಿನಲ್ಲಿ ಕಡಲ ಹತ್ತಿರ ಮನೆಯಿರುವವರು, ಸಮುದ್ರದಿಂದ ಎಷ್ಟು ದೂರದ ಆಚೆಗೆ ಗ್ಯಾರಂಟಿ ಅನ್ವಯ ಎಂಬ ಸಾಲನ್ನು ಓದದೆ ಆರ್ಡರ್ ಕೊಡಬಾರದು.

ಒಳ್ಳೆಯ ಶೀಟು ತಂದರೂ ಅದನ್ನು ಹಾಳುಮಾಡುವುದು ಗ್ರೈಂಡರ್. ಕಲ್ಲಿನ ಚಕ್ರದಲ್ಲಿ ಕತ್ತರಿಸಿದಾಗ ಅಂಚಿನ ಲೇಪ ಸುಡುತ್ತದೆ; ಹಾರಿದ ಬಿಸಿ ಕಿಡಿಗಳು ಬಣ್ಣದೊಳಗೆ ಕೂತು, ಒಂದೇ ಮಳೆಗೆ ಕಂದು ಚುಕ್ಕೆ ಏಳುತ್ತದೆ. ತಗಡಿನ ಕತ್ತರಿಯನ್ನೋ, ತಗಡನ್ನು ಕಚ್ಚಿ ಕತ್ತರಿಸುವ ನಿಬ್ಲರನ್ನೋ ಬಳಸಿ, ಸ್ಕ್ರೂ ಕೊರೆದ ಪುಡಿಯನ್ನು ಅದೇ ದಿನ ಸಂಜೆ ಗುಡಿಸಬೇಕು. ಗುರುತು ಹಾಕಲು ಪೆನ್ಸಿಲ್ ಬೇಡ, ಅದರ ಗ್ರಾಫೈಟ್ ಕೂಡ ಲೇಪವನ್ನು ತಿನ್ನುತ್ತದೆ. ತುಕ್ಕು ಹಿಡಿಯದೆಂದು ಸ್ಟೇನ್‌ಲೆಸ್ ಸ್ಕ್ರೂ ಹಾಕಿಸುವವರಿದ್ದಾರೆ: ಉಪ್ಪುಗಾಳಿಯಲ್ಲಿ ಸ್ಕ್ರೂ ಉಳಿಯುತ್ತದೆ, ಸುತ್ತಲಿನ ಶೀಟು ಸವೆಯುತ್ತದೆ. ದಪ್ಪ ಲೇಪದ, ಇಪಿಡಿಎಂ ಎಂಬ, ಬಿಸಿಲು ಮಳೆ ತಾಳುವ ರಬ್ಬರಿನ ವಾಷರಿರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಸಾಕು. ವಾಷರ್ ಹೊರಗೆ ಉಬ್ಬುವಷ್ಟು ಬಿಗಿದರೆ ಅದು ಬಿಸಿಲಿಗೆ ಬೇಗ ಸೀಳಿ ಅಲ್ಲಿಂದಲೇ ಸೋರುತ್ತದೆ. ಮಾಡಿನಲ್ಲಿ ಸ್ಕ್ರೂ ಶೀಟಿನ ಉಬ್ಬುಗೆರೆಯ ಮೇಲೆ, ಗೋಡೆಯಲ್ಲಿ ತಗ್ಗಿನಲ್ಲಿ ಬರಬೇಕು.

ಹಂಚಿನ ಮಾಡು ತನ್ನ ಭಾರದಿಂದಲೇ ಕೂತಿರುತ್ತದೆ: ಚದರ ಮೀಟರಿಗೆ ಸುಮಾರು 40 ಕಿಲೋ. ಶೀಟು 5 ಕಿಲೋ ಕೂಡ ಇಲ್ಲ. ಕಟ್ಟಡದ ಮೇಲಿನ ಗಾಳಿಯ ಹೊರೆಯನ್ನು ಹೇಳುವ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರು, ಕಲ್ಲಿಕೋಟೆ ಎರಡಕ್ಕೂ ಲೆಕ್ಕಕ್ಕೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 90 ಕಿಲೋದಷ್ಟು. ಮಾಡಿನ ಅಂಚು, ಮೂಲೆಗಳನ್ನು ಮೇಲೆತ್ತುವ ಬಲ ಇದಕ್ಕೂ ಹೆಚ್ಚಾಗಬಹುದು. ಆದ್ದರಿಂದ ಶೀಟು ಹೊರುವ ಅಡ್ಡಪಟ್ಟಿಗಳಾದ ಪರ್ಲಿನ್‌ಗಳ ನಡುವೆ 1.2 ಮೀಟರಿಗಿಂತ ಹೆಚ್ಚು ಅಂತರ ಬೇಡ, ಅಂಚಿನ ಅಂಕಣಕ್ಕೆ 0.9 ಸಾಕು. ಅಂಚಿನಲ್ಲೂ ರಿಡ್ಜಿನಲ್ಲೂ (ಮಾಡಿನ ನೆತ್ತಿಯಲ್ಲೂ) ಪ್ರತಿ ಉಬ್ಬಿಗೆ ಸ್ಕ್ರೂ, ನಡುವೆ ಉಬ್ಬು ಬಿಟ್ಟು ಉಬ್ಬಿಗೆ. ಮುರಕಲ್ಲಿನ ಗೋಡೆಗೆ ನೇರ ಹೊಡೆದ ಬೋಲ್ಟನ್ನು ನಂಬಲಾಗದು. ಗೋಡೆಯ ತಲೆಗೆ ಕಾಂಕ್ರೀಟ್ ಬೆಲ್ಟ್ ಹಾಕುವಾಗಲೇ 12 ಮಿ.ಮೀ. ಬೋಲ್ಟುಗಳನ್ನು ಅದರಲ್ಲಿ ನಿಲ್ಲಿಸಿ, ಮಾಡನ್ನು ಹೊರುವ ಚೌಕಟ್ಟಾದ ಟ್ರಸ್ಸನ್ನು ಅವಕ್ಕೆ ಬಿಗಿಯಬೇಕು. ಮಳೆಗಾಳಿ ಪಡುವಣದಿಂದ ಬರುವುದರಿಂದ, ಉತ್ತರ-ದಕ್ಷಿಣಕ್ಕೆ ಇಳಿಯುವ ಮಾಡಿಗೆ ಶೀಟು ಹೊದೆಸುವುದನ್ನು ಮೂಡಣ ತುದಿಯಿಂದ ಆರಂಭಿಸಬೇಕು. ಆಗ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಇಳಿಜಾರು 10 ಡಿಗ್ರಿಗಿಂತ ಕಡಿಮೆ ಮಾಡುವ ವಿನ್ಯಾಸ ನೋಡಲು ಚಂದ, ನಮ್ಮ ಆಟಿಯ ಮಳೆಗೆ ಹೇಳಿದ್ದಲ್ಲ.

ಸೆಕೆಗೆ ತಿಳಿಬಣ್ಣದ ಶೀಟು ಸ್ವಲ್ಪ ಪರಿಹಾರ. ಶೀಟಿಗೂ ಸೀಲಿಂಗಿಗೂ ನಡುವೆ ಗಾಳಿ ಅಂಚಿನಿಂದ ನುಗ್ಗಿ ರಿಡ್ಜಿನಿಂದ ಹೊರಹೋಗುವ ದಾರಿ ಇಲ್ಲದಿದ್ದರೆ ಅದೂ ಸಾಲದು. ಹಂಚಿನ ಸಂದಿಗಳಲ್ಲಿ ಅಡುಗೆಮನೆಯ ಹಬೆ ಹೊರಹೋಗುತ್ತಿತ್ತು. ಶೀಟಿನಡಿ ಆ ಹಬೆ ರಾತ್ರಿ ತಣ್ಣಗಾಗಿ ಹನಿಯುತ್ತದೆ, ಮನೆಯವರು ಸೋರುತ್ತಿದೆ ಎಂದುಕೊಂಡು ಸ್ಕ್ರೂಗಳಿಗೆ ಸಿಲಿಕೋನ್ ಮೆತ್ತುತ್ತಾರೆ.

ಗೋಡೆಗೆ ಹೊದೆಸುವವರು ಒಂದು ವಿಷಯ ಗಮನಿಸಬೇಕು. ಮೊದಲು ತುಕ್ಕು ಹಿಡಿಯುವುದು ಮಳೆ ಬೀಳುವ ಕಡೆಯಲ್ಲ, ಮಾಡಿನ ಅಂಚಿನಡಿ ಮಳೆ ತಾಗದೆ ಉಳಿಯುವ ಕಡೆ. ಕಡಲಗಾಳಿ ತಂದ ಉಪ್ಪು ಅಲ್ಲಿ ತೊಳೆದುಹೋಗದೆ ಕೂತಿರುತ್ತದೆ. ಶೀಟನ್ನು ಹಸಿ ಗಾರೆಗೆ ತಾಗಿಸದೆ, ಗೋಡೆಯಿಂದ 25 ಮಿ.ಮೀ. ಬಿಟ್ಟು ಚೌಕಟ್ಟಿನ ಮೇಲೆ ಕೂರಿಸಿ, ಕೆಳತುದಿಯನ್ನು ನೆಲದಿಂದ 15 ಸೆಂ.ಮೀ. ಮೇಲಿಟ್ಟು ತೆರೆದಿಡಬೇಕು. ಆರು ತಿಂಗಳಿಗೊಮ್ಮೆ ಮಳೆ ತಾಗದ ಭಾಗಕ್ಕೆ ಸಿಹಿನೀರು ಬಿಡಬೇಕು.

ಅಡಿಕೆ ತೋಟದ ನಡುವೆ ಮನೆಯಿರುವವರಿಗೆ ಇನ್ನೊಂದಿದೆ. ಮೈಲುತುತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದೆಂದು ಕೃಷಿಕರಿಗೆ ಗೊತ್ತು. ಅದೇ ಮದ್ದು ಗಾಳಿಗೆ ಹಾರಿ ಮಾಡಿನ ಮೇಲೂ ಬೀಳುತ್ತದೆ. ಅದರ ತಾಮ್ರ, ಗೀರು ಬಿದ್ದಲ್ಲಿ ಮತ್ತು ಕತ್ತರಿಸಿದ ಅಂಚಿನಲ್ಲಿ, ಸತು-ಅಲ್ಯೂಮಿನಿಯಂ ಲೇಪವನ್ನು ಕೊರೆಯುತ್ತದೆ. ಕೊಳೆರೋಗಕ್ಕೆ ಮದ್ದು ಬಿಟ್ಟ ದಿನವೇ, ದ್ರಾವಣ ಒಣಗುವ ಮೊದಲು, ಪಂಪಿನ ಪೈಪಿನಲ್ಲಿ ಮಾಡನ್ನು ರಿಡ್ಜಿನಿಂದ ಕೆಳಕ್ಕೆ ತೊಳೆಯಬೇಕು. ಮಳೆನೀರು ಕೊಯ್ಲಿನ ಟ್ಯಾಂಕಿಗೆ ಹೋಗುವ ಪೈಪನ್ನು ಅದಕ್ಕೆ ಮೊದಲೇ ತಪ್ಪಿಸಿಡಬೇಕು.

– ಒಬ್ಬ ಸಿವಿಲ್ ಇಂಜಿನಿಯರ್, ಬದಿಯಡ್ಕ